ಪ್ರಭುವಿನ ಪಂಕ್ತಿಯಲ್ಲಿ ಪಂಕ್ತಿಭೇದ

ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ ನಾನು ಇದಕ್ಕೆ ಯೋಗ್ಯನೇ ಎಂದು ಪ್ರಶ್ನಿಸಿಕೊಳ್ಳುವುದನ್ನು ನಮಗೆ ಬಾಲ್ಯದಿಂದಲೇ ಕಲಿಸಲಾಗಿದೆ. ಅದಕ್ಕೆ ಆಧಾರವಾಗಿ ಎತ್ತಿ ತೋರುವುದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯವನ್ನು. ಅಯೋಗ್ಯ ರೀತಿಯಲ್ಲಿ ಈ ರೊಟ್ಟಿಯನ್ನು ಭುಜಿಸುವವನು ಪ್ರಭುವಿನ ಶರೀರಕ್ಕೆ ಅಪರಾಧಿಯಾಗುತ್ತಾನೆಂಬ ಎಚ್ಚರಿಕೆ ಅಲ್ಲಿದೆ, ನಿಜ. ಆದರೆ ಪೌಲರು ಅಯೋಗ್ಯ ವ್ಯಕ್ತಿ ಎನ್ನಲಿಲ್ಲ. ಅಯೋಗ್ಯ ರೀತಿ ಎಂದರು. ಆ ರೀತಿ ಯಾವುದಾಗಿತ್ತೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ಅದೇ ಅಧ್ಯಾಯವನ್ನು ಕೆಲವೇ ವಚನಗಳಷ್ಟು ಹಿಂದಿನಿಂದ ಓದಿ ನೋಡಿ. ಕೊರಿಂಥದ ಕ್ರೈಸ್ತರಿಗೆ ದೇವಾಲಯವಿರಲಿಲ್ಲ. ಅನುಕೂಲಸ್ಥರ ಮನೆಗಳಲ್ಲಿ ಸೇರುತ್ತಿದ್ದರು. ಊಟದೊಡನೆಯೇ ಪ್ರಭುಭೋಜನವೂ ನಡೆಯುತ್ತಿತ್ತು. ರೋಮನ್ ಪದ್ಧತಿಯ ಭೋಜನಶಾಲೆಯಲ್ಲಿ ಮೂರು ಮಂಚಗಳ ಮೇಲೆ ಒಂಬತ್ತು ಮಂದಿ ಒರಗಿ ಉಣ್ಣುವುದು ವಾಡಿಕೆ. ಉಳಿದವರಿಗೆ ಅಂಗಳವೇ ಗತಿಯಾಗಿದ್ದಿರಬೇಕು. ಭಾನುವಾರವು ಅಂದು ರಜೆಯ ದಿನವೂ ಅಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನವೆಂದು ಆಜ್ಞೆ ಹೊರಡಿಸಿದ್ದು ಕ್ರಿ.ಶ. 321ರಲ್ಲಿ. ದಾಸರೂ ಕೂಲಿಯವರೂ ದಿನದ ದುಡಿಮೆ ಮುಗಿಸಿ ಬರುವಷ್ಟರಲ್ಲಿ ಬಿಡುವುಳ್ಳವರ ಊಟ ಮುಗಿದಿರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಒಬ್ಬನು ಹಸಿದು ಕುಳಿತಿರಲು ಮತ್ತೊಬ್ಬನು ಕುಡಿದು ಅಮಲೇರಿದ್ದಾನೆ, ಇದು ಪ್ರಭುವಿನ ಭೋಜನವೇ ಅಲ್ಲ ಎಂದು ಪೌಲರು ಕಿಡಿಕಾರುತ್ತಾರೆ. ಇದಕ್ಕೆ ಕನ್ನಡದಲ್ಲಿ ಚೊಕ್ಕವಾದ ಹೆಸರೊಂದಿದೆ: ಪಂಕ್ತಿಭೇದ. ಅವರು ವಿಧಿಸಿದ ಪರಿಹಾರವಾದರೂ ಏನು? ಒಬ್ಬರಿಗೊಬ್ಬರು ಕಾಯಿರಿ, ಅಷ್ಟೇ.

ಈ ಸಾಮುದಾಯಿಕ ಪಾಪವನ್ನು ನಾವು ಜಾಣತನದಿಂದ ಖಾಸಗಿ ಅಳುಕನ್ನಾಗಿ ಮಾರ್ಪಡಿಸಿಕೊಂಡಿದ್ದೇವೆ. (ಗಂಭೀರ ಪಾಪದಲ್ಲಿರುವವರು ಪಾಪನಿವೇದನೆ ಮಾಡಬೇಕೆಂಬ ಶ್ರೀಸಭೆಯ ಬೋಧನೆಯನ್ನು ನಾನು ಸಡಿಲಿಸುತ್ತಿಲ್ಲ, ಅದರ ಮರೆಯಲ್ಲಿ ಅಡಗಿರುವುದನ್ನು ಕುರಿತು ಹೇಳುತ್ತಿದ್ದೇನೆ.) ಜನರು ಪ್ರಸಾದದಿಂದ ಎಷ್ಟು ದೂರ ಸರಿದಿದ್ದರೆಂದರೆ, ವರ್ಷಕ್ಕೊಮ್ಮೆ ಪಾಸ್ಖ ಕಾಲದಲ್ಲಾದರೂ ಸ್ವೀಕರಿಸಬೇಕೆಂದು 1215ರ ಲ್ಯಾಟರನ್ ಮಹಾಸಭೆ ಕಟ್ಟಪ್ಪಣೆ ಮಾಡಬೇಕಾಯಿತು. 1905ರಲ್ಲಿ ಹತ್ತನೆಯ ಪಿಯುಸ್‌ ಜಗದ್ಗುರುಗಳು ಪದೇ ಪದೇ, ಸಾಧ್ಯವಾದರೆ ಪ್ರತಿದಿನವೂ ಸ್ವೀಕರಿಸಿರೆಂದು ಬಾಗಿಲು ತೆರೆದರು. ಇಂದು ಸಾಲಿಗೇನೂ ಕೊರತೆಯಿಲ್ಲ. ಆದರೆ ಆ ಸಾಲಿನಲ್ಲಿ ನಿಂತ ಪ್ರತಿಯೊಬ್ಬನೂ ಒಂಟಿ. ಅನುದಿನದ ಆಹಾರವನ್ನು ನಮಗೆ ಕೊಡು ಎಂದು ಬಹುವಚನದಲ್ಲಿ ಬೇಡಿ ಇನ್ನೂ ಕೆಲವು ನಿಮಿಷಗಳಾಗಿರುವುದಿಲ್ಲ. ಏಕವಚನದಲ್ಲಿ ಉಂಡು, ಕೊನೆಯ ಆಶೀರ್ವಾದಕ್ಕೂ ನಿಲ್ಲದೆ ವಾಹನದತ್ತ ಧಾವಿಸುತ್ತೇವೆ. ಪರರ ಅಡುಗೆಮನೆಯಲ್ಲಿ ಬೆಳಗಿನ ಕೆಲಸ ಮುಗಿಸಿ ಶುಭಸಂದೇಶದ ಹೊತ್ತಿಗೆ ಏದುಸಿರು ಬಿಡುತ್ತ ಒಳಬರುವ ತಾಯಿಯನ್ನು ಮಾತ್ರ ತಲೆ ತಿರುಗಿಸಿ ದುರುಗುಟ್ಟಿ ನೋಡುತ್ತೇವೆ!

ಇದು ಬರಿಯ ಶಿಷ್ಟಾಚಾರದ ಮಾತಲ್ಲ. 1833ರಲ್ಲಿ ಆಂಗ್ಲಿಕನ್ ಸಭೆಯ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣ ಭಾರತದ ತಮ್ಮ ಸಭೆಗಳಲ್ಲಿ ಜಾತಿಭೇದವನ್ನು ಆ ಕೂಡಲೇ ತೊರೆಯಬೇಕೆಂದು ಪತ್ರ ಬರೆದಾಗ, ಅನೇಕರು ಜಾತಿಯನ್ನು ಬಿಡುವ ಬದಲು ಸಭೆಯನ್ನೇ ಬಿಟ್ಟು ನಡೆದರು. ಅದು ಅವರ ಕಥೆ ಎಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. 2016ರ ಡಿಸೆಂಬರಿನಲ್ಲಿ ನಮ್ಮದೇ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಬೇಕಾಗಿ ಬಂತು. ಒಂದೇ ಪಾತ್ರೆಯಿಂದ ಸ್ವೀಕರಿಸಿದವರಿಗೆ ಇಂತಹ ನೀತಿಪತ್ರದ ಅಗತ್ಯ ಏಕೆ ಬಿತ್ತು?

ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿದ್ದ ಸಂತ ಜಸ್ಟಿನ್ ಭಾನುವಾರದ ಆರಾಧನೆಯನ್ನು ವರ್ಣಿಸುವಾಗ ಎರಡು ಸಂಗತಿಗಳನ್ನು ಮರೆಯುವುದಿಲ್ಲ. ಬರಲಾಗದವರಿಗೆ ಸೇವಕರು ಪ್ರಸಾದವನ್ನು ಮನೆಗೆ ಒಯ್ಯುತ್ತಿದ್ದರು. ಉಳ್ಳವರು ಕೊಟ್ಟದ್ದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದವರಿಗೆ ಸಲ್ಲುತ್ತಿತ್ತು. ಪೂಜೆ ಬೇರೆ, ಹಂಚಿಕೆ ಬೇರೆ ಎಂಬ ಲೆಕ್ಕಾಚಾರ ಅವರಿಗೆ ತಿಳಿದಿರಲಿಲ್ಲ. ಇಂದು ಪ್ರಸಾದವನ್ನು ಮನೆಗೊಯ್ಯಲು ಗುರುಗಳೇ ಬರಬೇಕೆಂದೂ ಇಲ್ಲ. ಸೂಕ್ತ ಅಧಿಕಾರ ಪಡೆದ ಶ್ರೀಸಾಮಾನ್ಯರೂ ಒಯ್ಯಬಹುದೆಂದು 1973ರಲ್ಲೇ ಆರನೆಯ ಪೌಲ್ ಜಗದ್ಗುರುಗಳ ಅನುಮೋದನೆಯೊಂದಿಗೆ ರೋಮ್ ಸಮ್ಮತಿಸಿದೆ.

ಈ ಭಾನುವಾರ ನಿಮ್ಮ ವಿಚಾರಣಾ ಗುರುಗಳ ಬಳಿ ಎರಡು ಪಟ್ಟಿಗಳನ್ನು ಕೇಳಿ: ಹಾಸಿಗೆ ಹಿಡಿದವರದ್ದೊಂದು, ಅವರ ಮನೆಗೆ ಪ್ರಸಾದ ಒಯ್ಯುವವರದ್ದೊಂದು. ಎರಡನೆಯದು ಬರಿದಾಗಿದ್ದರೆ ನಿಮ್ಮ ಹೆಸರನ್ನು ಬರೆಸಿ ಬನ್ನಿ.