ಮೊದಲು ಹಣ, ಆಮೇಲೆ ಜಗಳ

ಸರ್ಕಾರಿ ಗುತ್ತಿಗೆ ಹಿಡಿದವರು ಕೊಡುವ ಬ್ಯಾಂಕ್ ಗ್ಯಾರಂಟಿಯ ಇಂಗ್ಲಿಷ್ ಪಠ್ಯದಲ್ಲಿ ಸಾಮಾನ್ಯವಾಗಿ ಒಂದು ಮಾತು ಇರುತ್ತದೆ: ‘ವಿದೌಟ್ ಎನಿ ಡಿಮರ್’. ಇಲಾಖೆ ಕೇಳಿದ ಕೂಡಲೇ ಬ್ಯಾಂಕು ‘ಡಿಮರ್’ ಮಾಡದೆ ಹಣ ಕೊಡತಕ್ಕದ್ದು. ಹೈದರಾಬಾದಿನಲ್ಲಿ ಕೂತು ಇಂಥ ಕಾಗದಗಳನ್ನು ಕನ್ನಡಕ್ಕೆ ತರುವ ನನ್ನಂಥವರು ನಿಘಂಟು ತೆಗೆದರೆ ಸಿಗುವುದು ‘ಆಕ್ಷೇಪಿಸು’. ಪ್ರೊಟೆಸ್ಟಿಗೂ ಬಹುತೇಕ ಅದೇ, ಆಬ್ಜೆಕ್ಷನ್ನಿಗೂ ಅದೇ. ಕೆಲವು ಪತ್ರಗಳಲ್ಲಿ ಡಿಮರ್, ಕಾಂಟೆಸ್ಟ್, ಪ್ರೊಟೆಸ್ಟ್ ಒಂದರ ಹಿಂದೊಂದು ಸಾಲಾಗಿ ಬರುತ್ತವೆ. ‘ಆಕ್ಷೇಪಣೆ, ಆಕ್ಷೇಪಣೆ ಮತ್ತು ಆಕ್ಷೇಪಣೆ ಇಲ್ಲದೆ’ ಎಂದು ಬರೆಯಲಾಗುತ್ತದೆಯೇ?

ಡಿಮರ್ ಅನ್ನು ‘ಆಕ್ಷೇಪಣೆ’ ಎನ್ನುವುದನ್ನು ನಾವು ಬಿಡಬೇಕು ಎಂಬುದು ನನ್ನ ವಾದ.

ಈ ಪದದ ಅಣ್ಣತಮ್ಮನೊಬ್ಬ ನಮಗೆ ಚೆನ್ನಾಗಿ ಗೊತ್ತು: ಡೆಮರೇಜ್. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗೊತ್ತಾದ ಗಂಟೆಗಳೊಳಗೆ ವ್ಯಾಗನ್ ಖಾಲಿ ಮಾಡದಿದ್ದರೆ ತೆರಬೇಕಾದ ಹಣ ಅದು. ಎರಡಕ್ಕೂ ಮೂಲ ಲ್ಯಾಟಿನ್ನಿನಲ್ಲಿ ‘ತಡೆದು ನಿಲ್ಲು’ ಎಂಬ ಅರ್ಥದ ಕ್ರಿಯಾಪದ. ಅಂದರೆ ಡಿಮರ್ ಮಾಡುವವನು ಎದ್ದು ನಿಂತು ವಿರೋಧಿಸುವವನಲ್ಲ. ಒಪ್ಪಿಗೆಯ ಹೊಸ್ತಿಲಲ್ಲಿ ಕಾಲು ತಡೆದು, ‘ಸ್ವಲ್ಪ ಇರಿ’ ಎನ್ನುವವನು.

ಪ್ರತಿ ಭಾಷೆಯೂ ಆಕ್ಷೇಪವನ್ನು ತನ್ನದೇ ರೀತಿಯಲ್ಲಿ ಕಂಡಿದೆ. ‘ಆಕ್ಷೇಪ’ದ ಸಂಸ್ಕೃತ ಧಾತುವಿನಲ್ಲಿ ಎಸೆಯುವ ಅರ್ಥವಿದೆ. ‘ತಕರಾರು’ ಅರಬ್ಬಿಯಲ್ಲಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಮರಾಠಿಯವರ ‘ಹರಕತ್’ ಅರಬ್ಬಿಯಲ್ಲಿ ಚಲನೆ. ನಮ್ಮಲ್ಲಿ ಕಚೇರಿಯವರು ‘ನಿರಾಕ್ಷೇಪಣಾ ಪತ್ರ’ ಕೊಟ್ಟರೆ, ಇಲ್ಲಿ ತೆಲುಗಿನಲ್ಲಿ ಕೊಡುವುದು ‘ನಿರಭ್ಯಂತರ ಪತ್ರ’. ಒಬ್ಬ ಎಸೆಯುತ್ತಾನೆ, ಒಬ್ಬ ಅಂದದ್ದನ್ನೇ ಅನ್ನುತ್ತಾನೆ, ಒಬ್ಬ ಅಲುಗಾಡುತ್ತಾನೆ. ಡಿಮರ್ ಮಾಡುವವನು ಮಾತ್ರ ನಿಂತಲ್ಲೇ ನಿಲ್ಲುತ್ತಾನೆ.

ಇದು ಬರೀ ಪದದ ಚೆಲ್ಲಾಟವಲ್ಲ. ಯು.ಪಿ. ಕೋಆಪರೇಟಿವ್ ಫೆಡರೇಷನ್ ಮತ್ತು ಸಿಂಗ್ ಕನ್ಸಲ್ಟೆಂಟ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿ ತತ್ವವನ್ನು ಸ್ಪಷ್ಟಪಡಿಸಿತು: ಷರತ್ತಿಲ್ಲದ ಗ್ಯಾರಂಟಿ ಕೊಟ್ಟ ಬ್ಯಾಂಕು ಹಣ ಕೊಡಲೇಬೇಕು. ಘೋರ ವಂಚನೆ ಅಥವಾ ಸರಿಪಡಿಸಲಾಗದ ಅನ್ಯಾಯ ಇದ್ದರಷ್ಟೇ ನ್ಯಾಯಾಲಯ ತಡೆಯಬಹುದು. ಗುತ್ತಿಗೆದಾರ ಮತ್ತು ಇಲಾಖೆಯ ವ್ಯಾಜ್ಯ ಬೇರೆಯಾಗಿ ನಡೆಯುತ್ತದೆ. ಸರಳವಾಗಿ, ಮೊದಲು ಹಣ, ಆಮೇಲೆ ಜಗಳ. ಇಲ್ಲಿ ಬಿಟ್ಟುಕೊಡುವುದು ತಡಮಾಡುವ ಹಕ್ಕನ್ನು, ಜಗಳವಾಡುವ ಹಕ್ಕನ್ನಲ್ಲ. ‘ಯಾವುದೇ ಆಕ್ಷೇಪಣೆಯಿಲ್ಲದೆ’ ಎಂದು ಕನ್ನಡದಲ್ಲಿ ಓದಿದ ಸಣ್ಣ ಗುತ್ತಿಗೆದಾರನಿಗೆ ಎರಡೂ ಹೋದವು ಎಂದೇ ಅನಿಸುತ್ತದೆ. ಅನ್ಯಾಯವಾದಾಗ ವಕೀಲರ ಬಾಗಿಲಿಗೂ ಹೋಗದೆ ಸುಮ್ಮನಾಗುತ್ತಾನೆ.

ವ್ಯಾಜ್ಯ ಬಂದರೆ ಇಂಗ್ಲಿಷ್ ಪಠ್ಯವೇ ಅಂತಿಮ, ಅನುವಾದದ ಪದಕ್ಕೆ ಯಾಕಿಷ್ಟು ತಲೆಬಿಸಿ ಎಂದು ಕೇಳುವವರಿದ್ದಾರೆ. ಕೋರ್ಟಿಗೆ ಹೋಗುವುದೋ ಬೇಡವೋ ಎಂದು ಮನುಷ್ಯ ತೀರ್ಮಾನಿಸುವುದು ತನಗೆ ಅರ್ಥವಾದ ಭಾಷೆಯಲ್ಲಿ. ಅಂತಿಮ ಪಠ್ಯ ಅವನ ಕೈಗೆ ಸಿಗುವುದು ಆ ತೀರ್ಮಾನದ ನಂತರ.

ಸುದ್ದಿಯ ಅನುವಾದದಲ್ಲಿ ಇದರ ತದ್ವಿರುದ್ಧ ಅಪಾಯವಿದೆ. ಸಭೆಯಲ್ಲಿ ಸದಸ್ಯರೊಬ್ಬರು ‘ಡಿಮರ್ಡ್’ ಎಂದು ಇಂಗ್ಲಿಷ್ ವರದಿ ಹೇಳಿದರೆ ಕನ್ನಡದಲ್ಲಿ ಅವರು ‘ತೀವ್ರವಾಗಿ ವಿರೋಧಿಸಿದರು’ ಎಂದಾಗಿಬಿಡಬಹುದು. ಅವರು ಅಂದದ್ದು ಇನ್ನೊಮ್ಮೆ ಯೋಚಿಸೋಣ ಎಂದಷ್ಟೇ. ಅನುಮಾನಿಸಿದವರೆಲ್ಲ ಶತ್ರುಗಳಾಗಿ ಅಚ್ಚಾದರೆ ಮುಂದಿನ ಸಭೆಯಲ್ಲಿ ಅನುಮಾನಿಸುವವರೇ ಇರುವುದಿಲ್ಲ.

ಪದಗಳಿಗೇನೂ ಬರವಿಲ್ಲ. ಸುದ್ದಿಗೆ ‘ಹಿಂಜರಿಕೆ ಸೂಚಿಸಿದರು’ ಸಾಕು. ಬ್ಯಾಂಕಿನ ಕಾಗದಕ್ಕೆ ‘ತಡಮಾಡದೆ, ಮರುಮಾತಿಲ್ಲದೆ’ ಸರಿಹೋಗುತ್ತದೆ. ಈ ಊರಿನ ತೆಲುಗಿನಲ್ಲೂ ‘ಮಾರುಮಾಟ ಲೇಕುಂಡಾ’ ಉಂಟು. ಉರ್ದುವಿನವರು ‘ಬಿನಾ ಚೂಂ-ಚರಾ’ ಎನ್ನುತ್ತಾರೆ. ಚೂಂ, ಚರಾ ಎಂದರೆ ಪಾರ್ಸಿಯಲ್ಲಿ ಹೇಗೆ ಮತ್ತು ಯಾಕೆ. ಹಣ ಕೊಡುವ ಗಳಿಗೆಯಲ್ಲಿ ಹೇಗೆ, ಯಾಕೆ ಎಂದು ಕೇಳುವಂತಿಲ್ಲ. ಕೊಟ್ಟ ಮೇಲೆ ಕೇಳಬಹುದು, ಕೇಳಲೂಬೇಕು. ಅಷ್ಟನ್ನು ಓದುಗನಿಗೆ ತಿಳಿಸುವ ಹೊಣೆ ಅನುವಾದಕರದು.