ಹಲ್ಲು ನೋಡದೆ ಬೋರ್ಡು ತಗೋಬೇಡಿ

ಅರಕಲಗೂಡು ಕಡೆಯ ರೈತರೊಬ್ಬರು ಕಳೆದ ತಿಂಗಳು ನಮ್ಮ ವಾಟ್ಸಾಪಿಗೆ ಒಂದು ಚೀಟಿಯ ಫೋಟೋ ಕಳಿಸಿದರು. ಮಗ ಗೇಮ್ ಆಡುವ ಕಂಪ್ಯೂಟರ್ ಆಟದ ಮಧ್ಯೆ ಆಫ್ ಆಗುತ್ತಿತ್ತು. ಹಾಸನದ ಒಂದು ಅಂಗಡಿಗೆ ಒಯ್ದಿದ್ದರು. ಬೋರ್ಡು, ಪ್ರೊಸೆಸರ್ ಎರಡೂ ಹೋಗಿವೆ ಅಂದರಂತೆ. ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಐ5, ಹೊಸ ಬೋರ್ಡು, 16 ಜಿಬಿ ರ‍್ಯಾಮ್, ಒಟ್ಟು 31,000.’

“ಶುಂಠಿ ದುಡ್ಡು ಬಂದೈತೆ ಸಾರ್, ಕೊಟ್ಬಿಡ್ಲಾ?” ಅಂತ ಕೇಳಿದರು.

ಕೊಡಬೇಡಿ ಯಜಮಾನ್ರೇ ಅಂದೆವು. ಅಂಗಡಿಯವರು ಕಳ್ಳರು ಅಂತಲ್ಲ. ಆ ಚೀಟಿಯಲ್ಲಿ ಏನು ಮಾರುತ್ತಿದ್ದಾರೆ ಅನ್ನೋದೇ ಬರೆದಿಲ್ಲ, ಅದಕ್ಕೆ.

ಚನ್ನರಾಯಪಟ್ಟಣದ ಕಡೆ ಬೂಕನಬೆಟ್ಟದ ದನದ ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಹಳ್ಳಿಕಾರ್ ಜೋಡಿ’ ಅಂದ ಮಾತಿಗೇ ಯಾರೂ ಮುಂಗಡ ಕೊಡುವುದಿಲ್ಲ. ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ. ‘ಐ5’ ಕೂಡ ತಳಿಯ ಹೆಸರು ಮಾತ್ರ, ವಯಸ್ಸಲ್ಲ. ವಯಸ್ಸು ಇರುವುದು ಅದರ ಮುಂದಿನ ನಂಬರಿನಲ್ಲಿ. ಐ5-2400 ಅಂದರೆ 2ನೇ ಜನರೇಷನ್, 2011ರದ್ದು. ಐ3-12100 ಅಂದರೆ 12ನೇ ಜನರೇಷನ್, 2022ರದ್ದು. ಹೆಸರಿನಲ್ಲಿ ಸಣ್ಣದಾದ ಈ ಐ3, ಆ ಹಳೇ ಐ5 ಅನ್ನು ಎಲ್ಲದರಲ್ಲೂ ಹಿಂದೆ ಹಾಕುತ್ತದೆ. ಚೀಟಿಯಲ್ಲಿ ಬರೀ ‘ಐ5’ ಅಂತಿದ್ದರೆ 2011ರದ್ದನ್ನು ಕೊಟ್ಟರೂ ಅವರು ಸುಳ್ಳು ಹೇಳಿದಂತಾಗುವುದಿಲ್ಲ.

ಬೋರ್ಡಿನ ವಿಷಯ ಇನ್ನೂ ಸೂಕ್ಷ್ಮ. ಹೊಳೆನರಸೀಪುರದ ಒಬ್ಬ ಡಿಗ್ರಿ ಹುಡುಗ ಯೂಟ್ಯೂಬ್ ನೋಡಿ ‘ಎಚ್610’ ಬೋರ್ಡು ಬೇಕು ಅಂತ ಅಂಗಡಿಯಲ್ಲಿ ಕೇಳಿದ್ದ. ಕೊಟ್ಟದ್ದು ‘ಎಚ್61’, ಜೊತೆಗೆ ಒಂದು ಐ5. ಡಬ್ಬಿ ಹೊಸದು, ಸೀಲ್ ಹೊಸದು, ರೇಟೂ ಕಡಿಮೆ. ಮನೆಗೆ ಬಂದು ನೋಡಿದರೆ ಒಂದು ಸೊನ್ನೆ ಇಲ್ಲ. ಆ ಒಂದು ಸೊನ್ನೆಗೆ ಹನ್ನೊಂದು ವರ್ಷದ ಅಂತರ: ಎಚ್61 ಬಂದದ್ದು 2011ರಲ್ಲಿ, ಎಚ್610 ಬಂದದ್ದು 2022ರಲ್ಲಿ. ಹಳೇ ಚಿಪ್‌ಸೆಟ್ಟಿನ ಬೋರ್ಡುಗಳು ಇವತ್ತಿಗೂ ಹೊಸ ಡಬ್ಬಿಯಲ್ಲಿ ಮಾರಾಟಕ್ಕಿವೆ. ಅವಕ್ಕೆ ಕೂರುವುದು 2, 3ನೇ ಜನರೇಷನ್ ಪ್ರೊಸೆಸರ್ ಮಾತ್ರ, ಮುಂದಕ್ಕೆ ದಾರಿ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಇವುಗಳ ಮೇಲೆ ನಡೆಯುವುದಿಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0 ಇರಬೇಕು, ಸೆಕ್ಯೂರ್ ಬೂಟ್ ಆನ್ ಆಗಿರಬೇಕು. ಆ ಹುಡುಗ ಆಡಬೇಕೆಂದಿದ್ದದ್ದು ಅದನ್ನೇ.

ಅದಕ್ಕೇ ನಾವು ಹೇಳುವುದು: ಮೊದಲು ಬೋರ್ಡು ನೋಡಿ, ಆಮೇಲೆ ಪ್ರೊಸೆಸರ್. ಯಾವುದು ಕೂರುತ್ತದೆ, ಯಾವ ರ‍್ಯಾಮ್ ಹಿಡಿಯುತ್ತದೆ ಅನ್ನೋದನ್ನೆಲ್ಲ ಬೋರ್ಡು ತೀರ್ಮಾನಿಸುತ್ತದೆ. ಸಾಕೆಟ್ಟಿನ ಹೆಸರು ಒಂದೇ ಅಂತಲೂ ನಂಬಬೇಡಿ. ಇಂಟೆಲ್‌ನ 6, 7ನೇ ಜನರೇಷನ್ನಿಗೂ 8, 9ನೇ ಜನರೇಷನ್ನಿಗೂ ಹೆಸರು 1151 ಅಂತಲೇ, ಆದರೆ ಒಂದರ ಪ್ರೊಸೆಸರ್ ಇನ್ನೊಂದರ ಬೋರ್ಡಿನಲ್ಲಿ ನಡೆಯುವುದಿಲ್ಲ.

ಅರಕಲಗೂಡಿನ ಕಥೆಗೆ ಬರೋಣ. ಕ್ಯಾಬಿನೆಟ್ ಬಿಚ್ಚಿ ಬೋರ್ಡಿನ ಫೋಟೋ ಕಳಿಸಪ್ಪ ಅಂತ ಮಗನಿಗೆ ಹೇಳಿದೆವು. ಬೋರ್ಡು ಬಿ450, ಪ್ರೊಸೆಸರ್ ರೈಜನ್ 3 2200ಜಿ. ಗ್ರಾಫಿಕ್ಸ್ ಕಾರ್ಡ್ ಬೇರೆ ಇದೆ. ಒಳಗೆ ಧೂಳು ಒಂದು ಬೆರಳು ದಪ್ಪ. ಸ್ನೇಹಿತನ ಎಸ್‌ಎಂಪಿಎಸ್ ತಂದು ಹಾಕಿ ನೋಡು ಅಂದೆವು. ಹಾಕಿದ, ಆಫ್ ಆಗೋದು ನಿಂತಿತು. ಬೋರ್ಡೂ ಹೋಗಿರಲಿಲ್ಲ, ಪ್ರೊಸೆಸರೂ ಹೋಗಿರಲಿಲ್ಲ. ಪಂಪ್‌ಸೆಟ್ ಶುರುವಾದಾಗೆಲ್ಲ ವೋಲ್ಟೇಜ್ ಬೀಳುವ ಊರಿನಲ್ಲಿ ಅಗ್ಗದ ಎಸ್‌ಎಂಪಿಎಸ್ ಎಷ್ಟು ದಿನ ಬಾಳೀತು? ಮೊದಲು ಒಳ್ಳೆಯದೊಂದು ಎಸ್‌ಎಂಪಿಎಸ್ ತಗೊಳ್ಳಿ, ಅರ್ತಿಂಗ್ ಸರಿಮಾಡಿಸಿ ಅಂತ ತಂದೆಗೆ ಹೇಳಿದೆವು.

ಆದರೂ ಹುಡುಗನಿಗೆ ಹೊಸ ಆಟಗಳು ನಿಧಾನವೇ. 2200ಜಿ ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಇಲ್ಲಿ ಅವನ ಅದೃಷ್ಟ ದೊಡ್ಡದು. ಬಿ450 ಇರುವುದು ಎಎಂ4 ಸಾಕೆಟ್ಟಿನಲ್ಲಿ. ಬಯೋಸ್ ಅಪ್‌ಡೇಟ್ ಮಾಡಿದರೆ ಅದೇ ಬೋರ್ಡಿಗೆ 2022ರಲ್ಲಿ ಬಂದ ರೈಜನ್ 5 5600 ಕೂರುತ್ತದೆ. ನಾಲ್ಕು ಕೋರ್ ಇದ್ದಲ್ಲಿ ಆರು ಕೋರ್, ಹನ್ನೆರಡು ಥ್ರೆಡ್. ರ‍್ಯಾಮೂ ಅದೇ ಡಿಡಿಆರ್4. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಿಂದ ರ‍್ಯಾಮ್ ರೇಟು ಏರಿರುವಾಗ ಇರುವ ರ‍್ಯಾಮ್ ಉಳಿಸಿಕೊಳ್ಳುವುದೇ ಲಾಭ. ಹೊಸ ಎಎಂ5 ಬೋರ್ಡಿಗೆ ಹೋದರೆ ಡಿಡಿಆರ್5 ರ‍್ಯಾಮನ್ನೇ ಕೊಳ್ಳಬೇಕು.

ಒಂದು ಎಚ್ಚರಿಕೆ. 5600ರೊಳಗೆ ಗ್ರಾಫಿಕ್ಸ್ ಇಲ್ಲ, ಇಂಟೆಲ್‌ನಲ್ಲಿ ಕೊನೆಗೆ ‘ಎಫ್’ ಇದ್ದರೂ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಇವನ್ನು ತಂದರೆ ಪರದೆ ಮೇಲೆ ಏನೂ ಬರುವುದಿಲ್ಲ. ಅವರಿಗೆ 5600ಜಿ ಥರದ್ದು ಬೇಕು.

ಗೇಮ್ ಆಡೋಕೆ ಇಷ್ಟು ದುಡ್ಡಾ ಅಂತ ಬಯ್ಯುವ ಅಪ್ಪಂದಿರಿಗೆ ನಮ್ಮದೊಂದು ಮಾತು. ದುಡ್ಡು ಕೊಡುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಬೋರ್ಡು ತರಲು ಹೋಗುವಾಗ ಮಗನನ್ನು ಬಿಟ್ಟು ಹೋಗಬೇಡಿ, ಆ ನಂಬರುಗಳು ಅವನಿಗೇ ಗೊತ್ತಿರುವುದು. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್, ಬೋರ್ಡಿನ ಮತ್ತು ಪ್ರೊಸೆಸರಿನ ಪೂರ್ತಿ ಮಾಡೆಲ್, ಸೀರಿಯಲ್ ನಂಬರ್ ಬರೆಸಿ. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಇಂಟೆಲ್, ಎಎಂಡಿ ಎರಡೂ 3 ವರ್ಷ ವಾರಂಟಿ ಕೊಡುತ್ತವೆ. ಡಬ್ಬಿಯಿಲ್ಲದೆ ಬಿಡಿಯಾಗಿ ಕೊಟ್ಟರೆ ಕಾರಣ ಕೇಳಿ. ಬಿಲ್ಲಿನಲ್ಲಿ ಒಂದು, ಡಬ್ಬಿಯಲ್ಲಿ ಇನ್ನೊಂದು ಇದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ. ಹೊಳೆನರಸೀಪುರದ ಹುಡುಗನ ಕೈಯಲ್ಲಿ ಬಿಲ್ಲೇ ಇರಲಿಲ್ಲ.

ಅರಕಲಗೂಡಿನವನ ಪ್ರೊಸೆಸರ್ ಬಂದಿದೆ. ಬಯೋಸ್ ಅಪ್‌ಡೇಟ್ ಇನ್ನೂ ಮಾಡಿಲ್ಲ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡು ನಿಜವಾಗಿಯೂ ಹೋಗಬಹುದು, ಯುಪಿಎಸ್ ಸಿಗುವವರೆಗೆ ಕಾಯಿ ಅಂದಿದ್ದೇವೆ. ಹೊಸ ಪ್ರೊಸೆಸರ್ ಹಾಕುವ ಮೊದಲೇ, ಹಳೇದು ಕೂತಿರುವಾಗಲೇ ಅಪ್‌ಡೇಟ್ ಮಾಡು ಅಂತಲೂ ಎರಡು ಸಲ ಹೇಳಿದ್ದೇವೆ.