ಮುಚ್ಚಿದ ದಾರಿ, ತೆರೆದ ಕಣ್ಣು

ನನ್ನ ಓದುವ ಮೇಜಿನ ಮೇಲೆ, ಪುಸ್ತಕಗಳು ಬೀಳದಂತೆ ಆನಿಸಿಟ್ಟಿರುವ ಹಳೆಯ ಮಂಗಳೂರು ಹಂಚೊಂದಿದೆ. ಸಂಜಯನಗರದ ಈ ಮನೆಗೆ ಬಂದ ಹಳೆಯ ವಿದ್ಯಾರ್ಥಿಗಳು ಅದನ್ನು ಕಂಡು, "ಇದೇನು ಸಾರ್, ಮಾಡಿನ ಮೇಲಿರಬೇಕಾದದ್ದು ಮೇಜಿನ ಮೇಲಿದೆ?" ಎಂದು ಕೇಳುವುದುಂಟು. ತುಮಕೂರಿನ ನಮ್ಮ ಹಿರಿಯರ ಮನೆಯನ್ನು ಕೆಡವಿದಾಗ ನಾನು ಕೇಳಿ ಪಡೆದ ಪಾಲು ಅದೊಂದೇ. ಅದರ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಅಚ್ಚೊತ್ತಿವೆ. ಅದು ಹಂಚು ತಯಾರಾದ ವರ್ಷವಲ್ಲ; ಅದನ್ನು ತಯಾರಿಸಿದ ಕಾರ್ಖಾನೆ ಪ್ರಾರಂಭವಾದ ವರ್ಷ. ಕಳೆದ ತಿಂಗಳು ನಮ್ಮ ಕುಟುಂಬದಲ್ಲಿ ಎದ್ದ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಈ ಹಂಚನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಅಂದು ಯೋಚಿಸಿದ್ದನ್ನು ಇಂದು ಬರೆಯುತ್ತಿದ್ದೇನೆ.

ಪ್ರಶ್ನೆ ನನ್ನ ತಂಗಿಯ ಮಗನದು. ಅವನ ಒಪ್ಪಿಗೆ ಪಡೆದೇ ಈ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ. ಇಂಜಿನಿಯರಿಂಗ್ ಓದಿ, ಏಳು ವರ್ಷ ಸಾಫ್ಟ್‌ವೇರ್ ಕೆಲಸದಲ್ಲಿದ್ದವನು ಕಳೆದ ವರ್ಷ ಕೆಲಸ ಕಳೆದುಕೊಂಡ. ಅದೇ ಸಮಯದಲ್ಲಿ ಅವನ ತಂದೆಗೆ ಪಾರ್ಶ್ವವಾಯು ಬಡಿಯಿತು. ಎಂಟು ತಿಂಗಳು ಆತ ತಂದೆಯ ಹಾಸಿಗೆಯ ಪಕ್ಕದಲ್ಲಿಯೇ ಮಲಗಿದ. ಸ್ನಾನ ಮಾಡಿಸಿದ, ಬಟ್ಟೆ ಬದಲಿಸಿದ, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದ. ತಂದೆ ತೀರಿಕೊಂಡ ಮೇಲೆ ಅವನಿಗೆ ಬೇರೆಯದೇ ಒಂದು ಯೋಚನೆ ಬಂದಿತು. ನಮ್ಮ ಈ ಭಾಗದಲ್ಲಿ, ಭದ್ರಪ್ಪ ಬಡಾವಣೆಯಿಂದ ಹಿಡಿದು ನಾಗಶೆಟ್ಟಿಹಳ್ಳಿಯವರೆಗೆ, ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿ ಒಂಟಿಯಾಗಿ ಉಳಿದಿರುವ ವೃದ್ಧರು ಬೀದಿಗೆ ನಾಲ್ಕು ಮನೆಗಳಲ್ಲಿದ್ದಾರೆ. ವೃದ್ಧರ ಶುಶ್ರೂಷೆಯನ್ನು ಕ್ರಮವಾಗಿ ಕಲಿತು, ಒಬ್ಬಿಬ್ಬರು ದಾದಿಯರನ್ನು ಜೊತೆಗಿಟ್ಟುಕೊಂಡು, ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸವನ್ನು ಆರಂಭಿಸಬೇಕೆಂಬುದೇ ಆ ಯೋಚನೆ.

ತಂಗಿ ಫೋನಿನಲ್ಲಿ ಅತ್ತಳು. "ಅಣ್ಣ, ನೀನಾದರೂ ಒಂದು ಮಾತು ಹೇಳು. ಇಷ್ಟು ಓದಿಸಿದ್ದು ಕಂಡವರ ಮನೆಯ ಮಲಮೂತ್ರ ತೆಗೆಯಲಿ ಅಂತಲಾ? ಹೆಣ್ಣು ಕೊಡುವವರು ಯಾರು?" ಬಂಧುಗಳಲ್ಲಿ ಕೆಲವರು ಸಮಾಧಾನದ ಮಾತು ಹೇಳಿದರು: ಪ್ರಾರ್ಥನೆ ಮಾಡು, ದೇವರು ಇದಕ್ಕಿಂತ ಒಳ್ಳೆಯ ಬಾಗಿಲನ್ನು ತೆರೆಯುತ್ತಾನೆ. ಹುಡುಗ ನನ್ನ ಬಳಿಗೆ ಬಂದು ತಲೆತಗ್ಗಿಸಿ ಕುಳಿತು ಕೇಳಿದ್ದು ಒಂದೇ ಮಾತು: "ಮಾವ, ದೇವರು ತೆರೆದ ಬಾಗಿಲು ಇದೇ ಆಗಿದ್ದರೆ?"

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದವನು. ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ.

ಕ್ರೈಸ್ತ ಮನೆಗಳಲ್ಲಿ ನಾವು 'ದೇವರು ಬಾಗಿಲು ತೆರೆದ' ಎಂಬ ಮಾತನ್ನು ಧಾರಾಳವಾಗಿ ಬಳಸುತ್ತೇವೆ. ವೀಸಾ ಸಿಕ್ಕಿದಾಗ, ಸಂಬಳ ಏರಿದಾಗ, ಸೈಟು ಕೊಂಡಾಗ ಸಾಕ್ಷಿ ಹೇಳುತ್ತೇವೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಕೃತಜ್ಞತೆ ಯಾವಾಗಲೂ ಒಳ್ಳೆಯದೇ. ಆದರೆ ಈ ರೂಢಿಯಿಂದ ಒಂದು ಅನರ್ಥವಾಗಿದೆ. ದೇವರು ಕೊಡುವ ಅವಕಾಶವೆಂದರೆ ಅದು ಇದ್ದ ಸ್ಥಾನಕ್ಕಿಂತ ಮೇಲಿನದೇ ಆಗಿರಬೇಕೆಂದು ನಮ್ಮ ಮಕ್ಕಳು ನಂಬಿಬಿಟ್ಟಿದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧವಾದದ್ದು. ವಿಶ್ವಾಸ ನಮಗೆ ಕೊಡುವುದು ಅವಕಾಶಗಳನ್ನಲ್ಲ, ಅವುಗಳನ್ನು ಗುರುತಿಸುವ ಕಣ್ಣನ್ನು. ಲೋಕವು ಕೀಳೆಂದು ದಾಟಿಹೋಗುವ ಕೆಲಸದಲ್ಲಿ ಬೆಲೆಯುಳ್ಳದ್ದನ್ನು ಕಾಣುವುದೇ ಆ ಕಣ್ಣಿನ ಲಕ್ಷಣ.

ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯವನ್ನು ಸಂಡೇ ಸ್ಕೂಲಿನಲ್ಲಿ ನಾವೆಲ್ಲರೂ ಓದಿದ್ದೇವೆ. ಪೌಲನು ಆಸ್ಯ ಸೀಮೆಯಲ್ಲಿ ಸಾರಬೇಕೆಂದಿದ್ದ, ತಡೆಯುಂಟಾಯಿತು. ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದ, ಅಲ್ಲಿಯೂ ತಡೆ. ದಾರಿಗಳು ಮುಚ್ಚಿ ತ್ರೋವದ ಸಮುದ್ರತೀರಕ್ಕೆ ಬಂದು ನಿಂತಾಗ, ಮಕೆದೋನ್ಯದ ಒಬ್ಬ ಮನುಷ್ಯ ಸಹಾಯಕ್ಕಾಗಿ ಬೇಡಿಕೊಳ್ಳುವಂತೆ ರಾತ್ರಿ ದರ್ಶನವಾಯಿತು. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಮುಂದಿನದನ್ನೂ ಗಮನಿಸಬೇಕು. ದರ್ಶನದಲ್ಲಿ ಕಂಡದ್ದು ಒಬ್ಬ ಗಂಡಸು. ಫಿಲಿಪ್ಪಿಯ ಹೊಳೆಯ ದಡದಲ್ಲಿ ಎದುರಾದದ್ದು ಪ್ರಾರ್ಥನೆಗೆ ಕೂಡಿದ್ದ ಕೆಲವು ಹೆಂಗಸರು. ಅವರಲ್ಲಿ ಧೂಮ್ರವರ್ಣದ ಬಟ್ಟೆ ಮಾರುವ ಲುದ್ಯಳೆಂಬ ವ್ಯಾಪಾರಗಾರ್ತಿ ಮೊದಲು ನಂಬಿದಳು. ನಾನು ಕಂಡದ್ದು ಇದಲ್ಲವೆಂದು ಪೌಲನು ಹಿಂದಿರುಗಿದ್ದರೆ? ಅವಕಾಶವು ನಾವು ನಿರೀಕ್ಷಿಸಿದ ರೂಪದಲ್ಲಿಯೇ ಬರುವುದಿಲ್ಲ. ಬಂದ ಮೇಲೂ ಸುಖವೇ ಕಾದಿರುತ್ತದೆಂದಲ್ಲ: ಅದೇ ಊರಿನಲ್ಲಿ ಅವನು ಏಟು ತಿಂದು ಸೆರೆಮನೆಯಲ್ಲಿ ಕುಳಿತ.

ಇನ್ನು ನನ್ನ ಮೇಜಿನ ಹಂಚಿಗೆ ಬರುತ್ತೇನೆ.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣಗೊಂಡಾಗ ಇಂಗ್ಲಿಷರಲ್ಲದ ಮಿಷನರಿಗಳಿಗೂ ಇಲ್ಲಿ ನೆಲೆಸಲು ಅನುಕೂಲವಾಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಹಡಗಿಳಿದು ಮಂಗಳೂರಿಗೆ ಬಂದರು. ಅವರ ಹಿಂದೆ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ್ದನ್ನೂ, ಕಿಟ್ಟೆಲ್ 1894ರಲ್ಲಿ ನಿಘಂಟನ್ನು ಹೊರತಂದದ್ದನ್ನೂ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪಠ್ಯದಲ್ಲಿ ಇಲ್ಲದ್ದು ಅವರ ಜೊತೆಗೆ ನಿಂತ ಸ್ಥಳೀಯರ ಕಥೆ.

ಕರಾವಳಿಯಲ್ಲಿ ಹೊಸ ವಿಶ್ವಾಸವನ್ನು ಸ್ವೀಕರಿಸಿದವರು ಅನೇಕ ಸಂದರ್ಭಗಳಲ್ಲಿ ಮನೆಯನ್ನೂ ಗೇಣಿಯ ಭೂಮಿಯನ್ನೂ ಕುಲಕಸಬನ್ನೂ ಒಟ್ಟಿಗೆ ಕಳೆದುಕೊಂಡರು. ಶೇಂದಿ ಇಳಿಸುತ್ತಿದ್ದವರಿಗೆ ಆ ಕಸಬನ್ನು ಮುಂದುವರಿಸಲು ಸಭೆ ಒಪ್ಪಲಿಲ್ಲ. ಹಳೆಯ ದಾರಿ ಮುಚ್ಚಿತು, ಹೊಸದು ಕಾಣಲಿಲ್ಲ. ಮಿಷನ್ನಿನವರು ಬೇಸಾಯ, ಬಡಗಿತನ, ಪುಸ್ತಕ ಕಟ್ಟುವುದು, ಗಡಿಯಾರ ರಿಪೇರಿ ಎಂದು ಒಂದೊಂದನ್ನೇ ಪ್ರಯತ್ನಿಸಿದರು. ಕೆಲವು ಕೈಹಿಡಿದವು, ಹಲವು ಸೋತವು. 1851ರಲ್ಲಿ ಜಾನ್ ಹಾಲರ್ ಬಂದ ಮೇಲೆ ಮಗ್ಗದ ಕೆಲಸ ನೆಲೆನಿಂತಿತು. ಖಾಕಿ ಬಣ್ಣದ ಬಟ್ಟೆ ಹುಟ್ಟಿದ್ದು ಅಲ್ಲಿಯೇ ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿಯ ಜೇಡಿಮಣ್ಣಿನ ಗುಣವನ್ನು ಕಂಡುಕೊಂಡು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ.

ಇಲ್ಲಿ ನನ್ನನ್ನು ಯೋಚನೆಗೆ ಹಚ್ಚುವುದು ಪ್ಲೆಬ್ಸ್ಟನ ಜಾಣ್ಮೆಯಲ್ಲ. ಆ ಮಣ್ಣನ್ನು ತುಳಿದವರ ಧೈರ್ಯ. ಮಣ್ಣು ಕಲಸುವುದು ಕುಂಬಾರನ ಕೆಲಸ, ನೇಯುವುದು ನೇಕಾರನ ಕೆಲಸ ಎಂದು ಹುಟ್ಟಿನಿಂದಲೇ ಗೆರೆ ಎಳೆದಿದ್ದ ಕಾಲವದು. ಬೇರೆಬೇರೆ ಜಾತಿಗಳಿಂದ ಬಂದವರು ಒಂದೇ ಮಾಡಿನ ಕೆಳಗೆ, ತಮ್ಮ ತಂದೆತಾತಂದಿರು ಮಾಡದಿದ್ದ ಕೆಲಸವನ್ನು, ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುತ್ತ ಕಲಿತರು. ನೇತ್ರಾವತಿಯ ಮಣ್ಣು ಸಾವಿರಾರು ವರ್ಷಗಳಿಂದ ಅಲ್ಲಿಯೇ ಇತ್ತು. ಆದರೆ 'ಇದು ನನ್ನ ಕೆಲಸವಲ್ಲ' ಎಂಬ ಮಾತನ್ನು ಬಿಟ್ಟುಕೊಟ್ಟವರಿಗೆ ಮಾತ್ರ ಅದು ಅನ್ನವಾಯಿತು. ನಝರೇತಿನ ಬಡಗಿಯನ್ನು ಕರ್ತನೆಂದು ಕರೆದ ಮೇಲೆ ಕೈಕೆಲಸವನ್ನು ಹೀನವೆನ್ನುವುದು ಹೇಗೆ? ಕೆಲವೇ ವರ್ಷಗಳಲ್ಲಿ ಬೇರೆ ಉದ್ಯಮಿಗಳೂ ಹಂಚಿನ ಕಾರ್ಖಾನೆಗಳನ್ನು ಕಟ್ಟಿದರು. ಮತಭೇದವಿಲ್ಲದೆ ಅಸಂಖ್ಯ ಮನೆಗಳಿಗೆ ಆ ಮಣ್ಣು ನೆರಳಾಯಿತು.

ಸತ್ಯದ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅನ್ನ ಕೊಟ್ಟ ಮಿಷನ್ನು ಅಂಕುಶವನ್ನೂ ಹಿಡಿದಿತ್ತು; ಕೆಲಸ, ಮನೆ, ಸಭೆ ಎಲ್ಲವೂ ಒಂದೇ ಕೈಯಲ್ಲಿದ್ದಾಗ ಬಡವನಿಗೆ ಎದುರುಮಾತು ಕಷ್ಟ. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಈಗಂತೂ ಕಾಂಕ್ರೀಟ್ ತಾರಸಿಗಳ ಕಾಲ. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಬಹಳಷ್ಟು ಮುಚ್ಚಿವೆ. ಯಾವ ಬಾಗಿಲೂ ಶಾಶ್ವತವಾಗಿ ತೆರೆದಿರುವುದಿಲ್ಲ. ಆದುದರಿಂದಲೇ ಬಾಗಿಲಿಗಿಂತ ಕಣ್ಣು ಮುಖ್ಯವೆಂದು ನಾನು ಹೇಳುವುದು.

ನಮ್ಮ ಮನೆಯಲ್ಲಿಯೇ ಇದಕ್ಕೆ ನಿದರ್ಶನವಿದೆ. ನನ್ನ ಸೋದರತ್ತೆಯನ್ನು ಬಂಧುಗಳಲ್ಲಿ ಹಿರಿಯರು ಮರೆತಿರಲಾರರು. 1950ರ ದಶಕದಲ್ಲಿ ಆಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ ದಾದಿ ಕೆಲಸ ಕಲಿಯಲು ಹೊರಟಾಗ ಬೀದಿಯವರೆಲ್ಲ ಆಡಿಕೊಂಡರಂತೆ. ರಾತ್ರಿ ಪಾಳಿ, ಪರಪುರುಷರ ಮೈ ಮುಟ್ಟುವ ಕೆಲಸ. ಮರ್ಯಾದಸ್ಥರ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ ಎಂಬುದು ಅಂದಿನ ಮಾತು. ನನ್ನ ಅಜ್ಜಿ ಓದುಬರಹ ಬಾರದವಳು. ಆಕೆ ಕೇಳಿದ್ದು ಇಷ್ಟೇ: "ಸ್ವಾಮಿ ಶಿಷ್ಯರ ಕಾಲು ತೊಳೆದರಲ್ಲ, ಅವರ ಮರ್ಯಾದೆ ಹೋಯಿತೇ?" ಅತ್ತೆ ಹೋದಳು. ಆಕೆಯ ಸಂಬಳದಿಂದ ನನ್ನ ತಂದೆ ಓದಿದರು; ತಂದೆ ಓದಿದ್ದರಿಂದ ನಾನು ಬಿ.ಎಡ್. ಮಾಡಿ ಮೇಷ್ಟ್ರಾದೆ. ದಕ್ಷಿಣ ಭಾರತದ ಎಷ್ಟೋ ಕ್ರೈಸ್ತ ಕುಟುಂಬಗಳ ಕಥೆ ಹೀಗೆಯೇ ಇದೆ. ಇತರರು ಹಿಂಜರಿದ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಶುಶ್ರೂಷೆಯನ್ನು ಸೇವೆಯೆಂದು ಕಂಡರು. ಅದೇ ಮುಂದೆ ಅವರನ್ನು ದೇಶದೇಶಗಳಿಗೆ ಕೊಂಡೊಯ್ಯಿತು. 1973ರಲ್ಲಿ ಆರಂಭವಾದ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಮುಂದೆ ಬೆಳಿಗ್ಗೆ ನಡೆದುಹೋಗುವಾಗ, ರಾತ್ರಿ ಪಾಳಿ ಮುಗಿಸಿ ಬಳ್ಳಾರಿ ರಸ್ತೆಯಲ್ಲಿ ಬಸ್ಸಿಗೆ ಕಾಯುವ ಹುಡುಗಿಯರನ್ನು ಕಂಡರೆ ನನಗೆ ಅತ್ತೆಯ ನೆನಪಾಗುತ್ತದೆ. ಹಾಗಿರುವಾಗ, ಅದೇ ಅತ್ತೆಯ ದುಡಿಮೆಯಿಂದ ಮೇಲೆ ಬಂದ ಮನೆಯವರು, ಅದೇ ಕೆಲಸವನ್ನು ಕೀಳೆಂದು ಕಣ್ಣೀರು ಹಾಕುವುದು ಎಂತಹ ಮರೆವು!

ಹೀಗೆ ಉಪದೇಶಿಸುವ ನಾನು ಕಣ್ಣು ತೆರೆದೇ ಬದುಕಿದೆನೇ? ಇಲ್ಲ. 1990ರ ದಶಕದ ಮಧ್ಯಭಾಗದಲ್ಲಿ, ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾಗಿ ಗ್ಯಾರೇಜು, ಹೋಟೆಲುಗಳಿಗೆ ಸೇರಿದ್ದ ಹುಡುಗರಿಗೆ ಸಂಜೆ ತರಗತಿ ನಡೆಸುವಂತೆ ನನ್ನನ್ನು ಕೇಳಿದರು. ಆಗ ನನ್ನ ಬಳಿ ಮನೆಪಾಠಕ್ಕೆ ಬರುತ್ತಿದ್ದವರು ರ‍್ಯಾಂಕು ಪಡೆಯಬಲ್ಲ ಮಕ್ಕಳು. 'ಪ್ರಾರ್ಥಿಸಿ ಹೇಳುತ್ತೇನೆ' ಎಂದೆ. ನಿಜ ಹೇಳಬೇಕೆಂದರೆ ಪ್ರಾರ್ಥಿಸಲೇ ಇಲ್ಲ. ಇಲ್ಲವೆನ್ನಲು ಅದೊಂದು ಗೌರವದ ನೆಪವಾಗಿತ್ತು. ಕ್ರಾಫ್ಟ್ ಮೇಷ್ಟ್ರು ಒಬ್ಬರು, ಸಭೆಗೂ ನಮಗೂ ಸೇರದವರು, ಆ ಕೆಲಸವನ್ನು ಹೊತ್ತುಕೊಂಡರು. ಹಲವು ವರ್ಷಗಳ ನಂತರ ಅವರ ಅಂತ್ಯಕ್ರಿಯೆಗೆ ಹೋಗಿದ್ದೆ. ಅಲ್ಲಿ ಕಾರ್ಮಿಕರ ಅಂಗಿ ತೊಟ್ಟ ನಲವತ್ತರ ಆಸುಪಾಸಿನ ಗಂಡಸರು ಮಕ್ಕಳಂತೆ ಅಳುತ್ತಿದ್ದರು. ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನಾನು ಅಂದು ಮೊದಲ ಬಾರಿಗೆ ನನ್ನ ಬಗ್ಗೆ ಬರೆದದ್ದೆಂದು ಓದಿಕೊಂಡೆ. ಆ ಆಳು ಕಳ್ಳನಲ್ಲ, ಸೋಮಾರಿಯೂ ಅಲ್ಲವೇನೋ, ಅಂಜಿದವನು.

ನಿವೃತ್ತಿಯ ವರ್ಷ, 2020ರಲ್ಲಿ, ದೇವರು ಎರಡನೆಯ ಸಲ ಕೇಳಿದ. ಶಾಲೆಗಳು ಮುಚ್ಚಿದ್ದವು, ಎಸ್.ಎಸ್.ಎಲ್.ಸಿ. ಪರೀಕ್ಷೆ ಜೂನ್ ಕೊನೆಗೆ ಹೋಗಿತ್ತು. ಪಕ್ಕದ ಅಪಾರ್ಟ್‌ಮೆಂಟಿನ ಕಾವಲುಗಾರನ ಮಗಳು ಗಣಿತದ ಪುಸ್ತಕ ಹಿಡಿದು ಗೇಟಿನ ಬಳಿ ಕುಳಿತಿರುತ್ತಿದ್ದಳು. ಈ ಸಲ ನಾನು 'ಪ್ರಾರ್ಥಿಸಿ ಹೇಳುತ್ತೇನೆ' ಎನ್ನಲಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಕುರ್ಚಿಗಳನ್ನು ದೂರದೂರ ಹಾಕಿಕೊಂಡು, ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಲೆಕ್ಕ ಹೇಳಿಕೊಟ್ಟೆ. ಆಕೆ ಪಾಸಾದಳು. ನನ್ನ ಇಡೀ ವೃತ್ತಿಜೀವನದಲ್ಲಿ ಅಷ್ಟು ಸಂತೋಷ ಕೊಟ್ಟ ಫಲಿತಾಂಶ ಮತ್ತೊಂದಿಲ್ಲ.

ಕೊನೆಗೆ ಹುಡುಗನಿಗೆ ನಾನು ಹೇಳಿದ್ದೇನು? ಮನಸ್ಸಿಗೆ ಬಂದದ್ದೆಲ್ಲ ದೈವಪ್ರೇರಣೆಯಲ್ಲ, ಆದ್ದರಿಂದ ಮೂರು ಪ್ರಶ್ನೆಗಳನ್ನು ನಿನಗೆ ನೀನೇ ಕೇಳಿಕೋ ಎಂದೆ. ಈ ಕೆಲಸ ಯಾರ ನಿಜವಾದ ಅಗತ್ಯವನ್ನು ಪೂರೈಸುತ್ತದೆ? ಇದನ್ನು ಸರಿಯಾಗಿ ಕಲಿಯುವ ತಾಳ್ಮೆ ನಿನಗಿದೆಯೇ? ಯಾರೂ ಹೊಗಳದಿದ್ದರೂ ಮಾಡಬಲ್ಲೆಯಾ? ಮೊದಲ ಪ್ರಶ್ನೆಗೆ ನಮ್ಮ ಬೀದಿಯೇ ಉತ್ತರ. ಎರಡನೆಯದಕ್ಕೆ ಆತ ಆಗಲೇ ತರಬೇತಿಗೆ ಅರ್ಜಿ ಹಾಕಿದ್ದ. ಮೂರನೆಯದಕ್ಕೆ, "ಅಪ್ಪನಿಗೆ ಕೊನೆಯ ತಿಂಗಳುಗಳಲ್ಲಿ ಮಾತೇ ನಿಂತಿತ್ತು ಮಾವ, ಹೊಗಳಲು ಅವರಿಗೆ ಆಗುತ್ತಿರಲಿಲ್ಲ" ಎಂದ.

ಈ ಕೆಲಸದಲ್ಲಿ ಆತ ಗೆಲ್ಲುತ್ತಾನೆಂದು ನಾನು ಭರವಸೆ ಕೊಡಲಾರೆ. ಮಿಷನ್ನಿನವರೂ ಹಂಚಿಗೆ ಮೊದಲು ಎಷ್ಟೋ ಪ್ರಯತ್ನಗಳಲ್ಲಿ ಸೋತಿದ್ದರು. ಸೋತರೆ ನಗದೆ, ಗೆದ್ದರೆ ಮಾತ್ರ ನಮ್ಮವನೆನ್ನದೆ, ಬೆನ್ನಿಗೆ ನಿಲ್ಲುವುದು ಬಂಧುಗಳಾದ ನಮ್ಮ ಪಾಲಿನ ವಿಶ್ವಾಸ. ತಂಗಿ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮೊನ್ನೆ ಫೋನು ಮಾಡಿದವಳು, ತನ್ನ ಎದುರುಮನೆಯ ವೃದ್ಧ ದಂಪತಿಗಳು ಮಗನ ನಂಬರು ಕೇಳಿದರೆಂದೂ, ಕೊಡಲೋ ಬೇಡವೋ ಎಂದೂ ಕೇಳಿದಳು.

ಕೊಡು ಎಂದೆ.